ಸೂರ್ಯನ ಸಾಲ ತೀರಿಸಿದವರು ಯಾರು?

ಲೋಕವೆಲ್ಲ ಕತ್ತಲಲ್ಲಿದ್ದಾಗ ದೇವತೆಗಳು ತೆಯೋತಿವಾಕಾನ್ ಎಂಬಲ್ಲಿ ಬೆಂಕಿಯ ಸುತ್ತ ಸೇರಿದರು. ಅದಕ್ಕೆ ಮೊದಲೇ ನಾಲ್ವರು ಸೂರ್ಯರು ಹುಟ್ಟಿ ಅಳಿದಿದ್ದರು. ಒಂದು ಯುಗವನ್ನು ಜಾಗ್ವಾರ್‌ಗಳು ತಿಂದು ಮುಗಿಸಿದ್ದವು, ಇನ್ನೊಂದನ್ನು ಬಿರುಗಾಳಿ ಹೊತ್ತೊಯ್ದಿತ್ತು, ಮತ್ತೊಂದು ಬೆಂಕಿಯ ಮಳೆಯಲ್ಲಿ ಸುಟ್ಟಿತ್ತು, ಮಗದೊಂದು ನೀರಿನಲ್ಲಿ ಮುಳುಗಿತ್ತು. ಐದನೆಯ ಸೂರ್ಯ ಹುಟ್ಟಬೇಕಾದರೆ ದೇವತೆಗಳಲ್ಲಿ ಒಬ್ಬರು ಬೆಂಕಿಗೆ ಹಾರಬೇಕಿತ್ತು. ಸಿರಿವಂತನಾದ ತೆಕುಸಿಸ್ತೆಕಾತ್ಲ್ ತಾನು ಹಾರುತ್ತೇನೆಂದು ಹೆಮ್ಮೆಯಿಂದ ಮುಂದೆ ಬಂದ. ನಾಲ್ಕು ಸಲ ಓಡಿ ಬಂದವನು ನಾಲ್ಕು ಸಲವೂ ಕಾವಿಗೆ ಬೆದರಿ ಹಿಂದೆ ಸರಿದ. ಮೈತುಂಬ ಹುಣ್ಣಾಗಿದ್ದ, ಯಾರೂ ಲೆಕ್ಕಕ್ಕಿಡದ ನನವಾತ್ಸಿನ್ ಕಣ್ಣು ಮುಚ್ಚಿ ಒಂದೇ ಸಲಕ್ಕೆ ಹಾರಿಬಿಟ್ಟ. ಅವನೇ ಸೂರ್ಯನಾದ. ನಾಚಿಕೆಗೊಂಡು ಅವನ ಹಿಂದೆ ಹಾರಿದ ಸಿರಿವಂತ ಚಂದ್ರನಾದ. ಇಬ್ಬರೂ ಸಮಸಮವಾಗಿ ಬೆಳಗುವುದನ್ನು ಒಪ್ಪದ ದೇವತೆಯೊಬ್ಬ ಚಂದ್ರನ ಮುಖಕ್ಕೆ ಮೊಲವೊಂದನ್ನು ಎಸೆದ. ಚಂದ್ರನನ್ನು ಶಶಾಂಕನೆಂದು ಕರೆಯುವ ನಮಗೆ ಆ ಮೊಲ ಹೊಸದೇನಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹುಟ್ಟಿದ ಸೂರ್ಯ ಅಲುಗಾಡಲಿಲ್ಲ, ದಿಗಂತದಲ್ಲಿ ತೂಗಾಡುತ್ತ ನಿಂತುಬಿಟ್ಟ. ಅವನು ನಡೆಯಬೇಕಾದರೆ ಉಳಿದ ದೇವತೆಗಳೆಲ್ಲ ಸಾಯಬೇಕಿತ್ತು. ಸತ್ತರು. ಆಮೇಲೆ ಗಾಳಿಯ ದೇವರು ಬೀಸಿದ, ಸೂರ್ಯ ನಡೆದ, ಹಗಲಾಯಿತು.

ಈ ಕಥೆಯನ್ನು ಹೇಳಿಕೊಂಡು ಬಂದವರು ಮಧ್ಯ ಮೆಕ್ಸಿಕೊದ ನಹುವಾಟ್ಲ್ ಭಾಷೆಯ ಜನ. ಅವರಲ್ಲೊಂದು ಗುಂಪಾದ ಮೆಶಿಕರು 1325ರ ಸುಮಾರಿಗೆ ತೆಶ್ಕೋಕೊ ಸರೋವರದ ದ್ವೀಪವೊಂದರಲ್ಲಿ ತೆನೊಚ್ತಿತ್ಲಾನ್ ನಗರವನ್ನು ಕಟ್ಟಿದರೆಂಬುದು ಪರಂಪರೆಯ ಲೆಕ್ಕ. 1428ರಲ್ಲಿ ಅವರು ತೆಶ್ಕೋಕೊ ಮತ್ತು ತ್ಲಕೋಪಾನ್ ನಗರಗಳ ಜೊತೆ ಸೇರಿ ಕಟ್ಟಿದ ರಾಜ್ಯವನ್ನೇ ಲೋಕ ಇಂದು ಅಜ್ಟೆಕ್ ಸಾಮ್ರಾಜ್ಯ ಎನ್ನುತ್ತದೆ. 1519ರ ನವೆಂಬರ್ 8ರಂದು ಸ್ಪೇನಿನ ಹೆರ್ನಾನ್ ಕೋರ್ತೆಸ್ ತೆನೊಚ್ತಿತ್ಲಾನ್ ನಗರದೊಳಗೆ ಕಾಲಿಟ್ಟ. 1521ರ ಆಗಸ್ಟ್ 13ರಂದು ನಗರ ಬಿತ್ತು. ಈ ಎರಡು ವರ್ಷಗಳ ಬಗ್ಗೆ ಬರೆದವರು ಅಸಂಖ್ಯ. ಆ ಜನ ಅದಕ್ಕೆ ಮುಂಚೆ ಏನನ್ನು ನಂಬಿದ್ದರು, ಯಾವುದನ್ನು ಸರಿಯೆಂದು ತಿಳಿದಿದ್ದರು ಎಂದು ಕೇಳಿದವರು ಕಡಿಮೆ. ಅಜ್ಟೆಕ್ ಎಂದೊಡನೆ ಬಹುಪಾಲು ಜನರ ಕಣ್ಣಿಗೆ ಕಟ್ಟುವುದು ಪಿರಮಿಡ್ಡಿನ ಮೆಟ್ಟಿಲುಗಳ ಮೇಲೆ ಹರಿಯುವ ರಕ್ತ ಮಾತ್ರ. ರಕ್ತ ಹರಿದದ್ದು ನಿಜ. ಅದು ಯಾವ ವಿಚಾರದಿಂದ ಹರಿಯಿತು, ಆ ವಿಚಾರದಲ್ಲಿ ಉಳಿಸಿಕೊಳ್ಳಬೇಕಾದದ್ದು ಏನಾದರೂ ಇದೆಯೇ ಎಂಬುದು ಬೇರೆಯದೇ ಪ್ರಶ್ನೆ. ಆ ಪ್ರಶ್ನೆಯನ್ನು ಗಂಭೀರವಾಗಿ ಕೇಳಬೇಕಾಗಿದೆ.

ಬೆಳಕಿನಂತೆ ಮನುಷ್ಯನ ಮೈಯೂ ದೇವತೆಗಳ ಕಷ್ಟದಿಂದಲೇ ಬಂದದ್ದು. ಹಿಂದಿನ ಯುಗದವರ ಮೂಳೆಗಳನ್ನು ತರಲು ಕೆತ್ಸಾಲ್ಕೋವಾತ್ಲ್ ಸತ್ತವರ ಲೋಕವಾದ ಮಿಕ್ತ್ಲಾನ್‌ಗೆ ಇಳಿದ. ಅಲ್ಲಿಯ ಒಡೆಯ ಕೊಡುತ್ತೇನೆಂದವನು ಮಾತು ಬದಲಿಸಿ ಗುಂಡಿ ತೋಡಿಸಿದ. ಕೆತ್ಸಾಲ್ಕೋವಾತ್ಲ್ ಅದರಲ್ಲಿ ಬಿದ್ದ, ಮೂಳೆಗಳು ಮುರಿದವು, ಲಾವಕ್ಕಿಗಳು ಅವನ್ನು ಕುಕ್ಕಿದವು. ಆ ಚೂರುಗಳನ್ನೇ ದೇವಿಯೊಬ್ಬಳು ಮೆಕ್ಕೆಜೋಳದಂತೆ ಅರೆದಳು. ಕೆತ್ಸಾಲ್ಕೋವಾತ್ಲ್ ತನ್ನ ಮೈ ಚುಚ್ಚಿಕೊಂಡು ಆ ಹಿಟ್ಟಿನ ಮೇಲೆ ರಕ್ತ ಸುರಿಸಿದ. ಮನುಷ್ಯ ಹುಟ್ಟಿದ. ಅವನಿಗೆ ಊಟವೇನು ಎಂಬ ಚಿಂತೆ ಬಂದಾಗ ಅದೇ ದೇವರು ಕಪ್ಪಿರುವೆಯಾಗಿ, ಕೆಂಪಿರುವೆಯ ಹಿಂದೆ ಹೋಗಿ, ಬೆಟ್ಟದೊಳಗೆ ಬಚ್ಚಿಟ್ಟಿದ್ದ ಮೆಕ್ಕೆಜೋಳದ ಕಾಳನ್ನು ಹೊತ್ತು ತಂದ.

ಇಂಥ ಕಥೆಗಳ ನಡುವೆ ಬೆಳೆದವರು ಜಗತ್ತು ತಮಗೆ ಪುಕ್ಕಟೆಯಾಗಿ ಸಿಕ್ಕಿದೆ ಎಂದು ತಿಳಿಯಲು ಸಾಧ್ಯವೇ ಇರಲಿಲ್ಲ. ಹಗಲು, ಮೈ, ಅನ್ನ ಎಲ್ಲವೂ ಬೇರೆ ಯಾರೋ ನೋವುಂಡು ಕೊಟ್ಟದ್ದು. ಆದ್ದರಿಂದ ಹುಟ್ಟಿದವರೆಲ್ಲ ಸಾಲಗಾರರು. ದೇವರಿಗೆ ಕೊಡುವ ಬಲಿಯನ್ನು ಅವರು ಸಾಲ ಸಂದಾಯವೆಂದೇ ಕರೆಯುತ್ತಿದ್ದರು. ಸಂದಾಯದ ಮೊದಲ ರೂಪ ಅವರವರ ಮೈಯಿಂದಲೇ ತೆಗೆದು ಕೊಡುವುದಾಗಿತ್ತು. ಕತ್ತಾಳೆಯ ಮುಳ್ಳಿನಿಂದ ಕಿವಿಯನ್ನೋ ನಾಲಗೆಯನ್ನೋ ಮೀನಖಂಡವನ್ನೋ ಚುಚ್ಚಿಕೊಂಡು, ರಕ್ತ ಹತ್ತಿದ ಮುಳ್ಳುಗಳನ್ನು ಹುಲ್ಲಿನ ಉಂಡೆಗೆ ಸಿಕ್ಕಿಸಿ ದೇವರ ಮುಂದಿಡುತ್ತಿದ್ದರು. ಪೂಜಾರಿ ಇದನ್ನು ಮಾಡುತ್ತಿದ್ದ, ಅರಸನೂ ಮಾಡುತ್ತಿದ್ದ, ಸಾಮಾನ್ಯ ಗೃಹಸ್ಥರೂ ಮಾಡುತ್ತಿದ್ದರು. ಇದರ ಜೊತೆಗೆ ಕೋಪಲ್ ಮರದ ಅಂಟಿನ ಧೂಪ, ಹೂವು, ಅಡುಗೆ, ಲಾವಕ್ಕಿ ಇವೂ ಇದ್ದವು. ನರಬಲಿ ಈ ಸರಣಿಯ ಕೊನೆಯ ತುದಿ.

ಈ ಸಂಗತಿಗಳೆಲ್ಲ ನಮಗೆ ಗೊತ್ತಾದದ್ದು ಹೇಗೆ ಎಂಬುದನ್ನೂ ಹೇಳಬೇಕು. 1529ರಲ್ಲಿ ಮೆಕ್ಸಿಕೊಕ್ಕೆ ಬಂದ ಫ್ರಾನ್ಸಿಸ್ಕನ್ ಸನ್ಯಾಸಿ ಬರ್ನಾರ್ದಿನೊ ದೆ ಸಹಗೂನ್ ದಶಕಗಳ ಕಾಲ ಊರ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆಸಿದ. ಬರೆದವರು ಅವನ ನಹುವಾ ಶಿಷ್ಯರು. ಅಸ್ಕಾಪೊತ್ಸಾಲ್ಕೊ ಊರಿನ ಅಂತೋನಿಯೊ ವಲೇರಿಯಾನೊ ಅವರಲ್ಲಿ ಮುಖ್ಯ. ಲ್ಯಾಟಿನ್, ಸ್ಪ್ಯಾನಿಷ್, ನಹುವಾಟ್ಲ್ ಮೂರನ್ನೂ ಬಲ್ಲವನು. ಹನ್ನೆರಡು ಭಾಗಗಳ, ಎರಡೂವರೆ ಸಾವಿರದಷ್ಟು ಚಿತ್ರಗಳಿರುವ ಆ ಗ್ರಂಥ 1577ರ ಹೊತ್ತಿಗೆ ಮುಗಿಯಿತು. ಇಟಲಿಯ ಫ್ಲಾರೆನ್ಸ್ ನಗರದ ಗ್ರಂಥಾಲಯದಲ್ಲಿರುವುದರಿಂದ ಅದಕ್ಕೆ ಫ್ಲಾರೆಂಟೈನ್ ಕೋಡೆಕ್ಸ್ ಎಂಬ ಹೆಸರು. ವಿಗ್ರಹಾರಾಧನೆಯನ್ನು ಗುರುತಿಸಿ ಬೇರು ಸಹಿತ ಕೀಳಬೇಕೆಂಬುದು ಸಹಗೂನನ ಘೋಷಿತ ಉದ್ದೇಶವಾಗಿತ್ತು. ಆದರೂ ಅವನಷ್ಟು ತಾಳ್ಮೆಯಿಂದ ಆ ಜನರ ಮಾತನ್ನು ಕೇಳಿದವರು ಅವನ ಕಾಲದಲ್ಲಿ ಇನ್ನೊಬ್ಬರಿಲ್ಲ. ಅದೇ 1577ರಲ್ಲಿ ಸ್ಪೇನಿನ ಎರಡನೆಯ ಫಿಲಿಪ್ ದೊರೆ ಅವನ ಬರಹಗಳನ್ನೆಲ್ಲ ವಶಪಡಿಸಿಕೊಳ್ಳಲು ಆಜ್ಞೆ ಹೊರಡಿಸಿದ.

ಆ ಗ್ರಂಥದ ಆರನೆಯ ಭಾಗ ಹಿರಿಯರ ನುಡಿಗಳ ಸಂಗ್ರಹ. ಓದಿದವರನ್ನು ಬೆರಗುಗೊಳಿಸುವ ಭಾಗ ಅದು. ತಿಳಿವಳಿಕೆ ಬರುವ ವಯಸ್ಸಿನ ಮಗಳನ್ನು ಕೂರಿಸಿಕೊಂಡು ತಂದೆ ಹೇಳುತ್ತಾನೆ: ಈ ಭೂಮಿ ಅಳುವಿನ ಜಾಗ, ಇಲ್ಲಿ ಗಾಳಿ ಅಬ್ಸಿಡಿಯನ್ ಚೂರಿನಂತೆ ಕೊಯ್ಯುತ್ತದೆ, ನಾವು ಅಳುತ್ತಲೇ ಸಾಯಬಾರದೆಂದು ದೇವರು ನಗುವನ್ನು, ನಿದ್ದೆಯನ್ನು, ಊಟವನ್ನು, ಗಂಡುಹೆಣ್ಣಿನ ಕೂಟವನ್ನು ಕೊಟ್ಟಿದ್ದಾನೆ. ತಾಯಿ ಹೇಳುವುದು ಇನ್ನೊಂದು ಮಾತು: ಬದುಕು ಬೆಟ್ಟದ ಏಣಿನ ಮೇಲಿನ ಕಾಲುದಾರಿ, ಎರಡೂ ಕಡೆ ಪ್ರಪಾತ, ನಡುವೆ ನಡೆಯಬೇಕು, ಅತಿ ವೇಗವೂ ಬೇಡ ಅತಿ ನಿಧಾನವೂ ಬೇಡ. ಭೂಮಿ ಜಾರುತ್ತದೆ ಎಂಬುದು ಅವರಲ್ಲಿ ಗಾದೆಯಾಗಿಯೇ ಇತ್ತು. ನೆಟ್ಟಗೆ ಬದುಕಿದ್ದವರೂ ಒಂದು ದಿನ ಜಾರಿ ಬೀಳಬಹುದೆಂಬ ಎಚ್ಚರ ಅದರಲ್ಲಿದೆ.

ಹೀಗೆ ಎಚ್ಚರದಿಂದ ನಡೆದರೆ ಏನು ಸಿಗುತ್ತದೆ? ಸ್ವರ್ಗವಂತೂ ಅಲ್ಲ. ನಹುವಾ ನಂಬಿಕೆಯಲ್ಲಿ ಸತ್ತ ಮೇಲಿನ ಗತಿ ಪುಣ್ಯಪಾಪಗಳ ಮೇಲೆ ನಿಂತಿರಲಿಲ್ಲ, ಸತ್ತ ರೀತಿಯ ಮೇಲೆ ನಿಂತಿತ್ತು. ಯುದ್ಧದಲ್ಲೋ ಬಲಿಗಲ್ಲಿನ ಮೇಲೋ ಸತ್ತ ಯೋಧರು ಸೂರ್ಯನ ಜೊತೆ ಹೋಗುತ್ತಿದ್ದರು. ಹೆರಿಗೆಯಲ್ಲಿ ಸತ್ತ ಹೆಣ್ಣಿಗೂ ಅದೇ ಗೌರವ. ನೀರಿನಲ್ಲಿ ಮುಳುಗಿದವರು, ಸಿಡಿಲು ಬಡಿದವರು ಮಳೆಯ ದೇವರಾದ ತ್ಲಾಲೋಕನ ಹಸಿರು ಲೋಕಕ್ಕೆ ಹೋದರೆ, ಎಳೆಗೂಸುಗಳು ಹಾಲು ಸುರಿಸುವ ಮರದ ಕೆಳಗೆ ಬಾಯ್ದೆರೆದು ಕಾಯುತ್ತಿದ್ದವು. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಸತ್ತ ಉಳಿದವರೆಲ್ಲ, ಎಷ್ಟೇ ಒಳ್ಳೆಯವರಾಗಿರಲಿ, ನಾಲ್ಕು ವರ್ಷ ನಡೆದು ಮಿಕ್ತ್ಲಾನ್ ಸೇರಿ ಅಲ್ಲಿ ಇಲ್ಲವಾಗುತ್ತಿದ್ದರು. ಸತ್ಯ ಹೇಳು, ದುಡಿ, ಹೆಚ್ಚು ಕುಡಿಯಬೇಡ, ಬಡವರನ್ನು ನೋಡಿ ನಗಬೇಡ ಎಂದು ಮಕ್ಕಳಿಗೆ ಹೇಳುತ್ತಿದ್ದ ಈ ಜನ ಅದಕ್ಕೆ ಪ್ರತಿಯಾಗಿ ಮೋಕ್ಷದ ಆಸೆ ತೋರಿಸಲಿಲ್ಲ, ನರಕದ ಭಯವನ್ನೂ ಹುಟ್ಟಿಸಲಿಲ್ಲ. ಕೆಟ್ಟ ನಡತೆಗೆ ಶಿಕ್ಷೆ ಇಲ್ಲಿಯೇ, ರೋಗವಾಗಿ, ಅವಮಾನವಾಗಿ, ಕಟುವಾದ ಕಾನೂನಾಗಿ ಬರುತ್ತಿತ್ತು. ಫಲಕ್ಕಾಗಿ ಕಾಯದ ನೀತಿಯನ್ನು ಹೀಗೆ ಒಂದು ಇಡೀ ಸಮಾಜ ಮನೆಯಂಗಳದ ಮಾತಾಗಿಸಿಕೊಂಡಿತ್ತೆಂಬುದು ಧರ್ಮದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ದೊರೆಯನ್ನೂ ಅವರು ಬಿಡಲಿಲ್ಲ. ಪಟ್ಟಕ್ಕೇರಿದವನಿಗೆ ಹಿರಿಯರು ಮಾಡುವ ಉಪದೇಶಗಳು ಆ ಸಂಗ್ರಹದಲ್ಲಿವೆ. ಅರಸ ಕೆಟ್ಟವನಾದರೆ ಅವನನ್ನು ಬೇಗ ಕರೆದುಕೊಂಡು ಹೋಗು ಎಂದು ತೆಸ್ಕಾತ್ಲಿಪೋಕ ದೇವರನ್ನು ಬೇಡುವ ಪ್ರಾರ್ಥನೆಯೂ ಇದೆ.

ಅದೇ ಆರನೆಯ ಭಾಗದಲ್ಲಿ ಸೂಲಗಿತ್ತಿ ಆಗಷ್ಟೇ ಹುಟ್ಟಿದ ಗಂಡುಮಗುವಿನ ಕಿವಿಯಲ್ಲಿ ಹೇಳುವ ಮಾತೂ ಇದೆ. ಇದು ನಿನ್ನ ಮನೆಯಲ್ಲ, ನಿನ್ನ ಊರು ರಣರಂಗ, ಸೂರ್ಯನಿಗೆ ಕುಡಿಯಲು ಕೊಡುವುದು ನಿನ್ನ ಕೆಲಸ ಎಂಬುದು ಅದರ ಸಾರ. ಗಂಡುಮಗುವಿನ ಹೊಕ್ಕುಳಬಳ್ಳಿಯನ್ನು ಯೋಧರ ಕೈಯಲ್ಲಿ ಕೊಟ್ಟು ಯುದ್ಧಭೂಮಿಯಲ್ಲಿ ಹೂಳಿಸುತ್ತಿದ್ದರು. ಹೆಣ್ಣುಮಗುವಿನದನ್ನು ಒಲೆಯ ಪಕ್ಕದಲ್ಲಿ ಹೂಳುತ್ತಿದ್ದರು. ಮಗಳಿಗೆ ಬೆಟ್ಟದ ದಾರಿಯ ಬುದ್ಧಿ ಹೇಳಿದ ಸಮಾಜವೇ ಮಗನಿಗೆ ತೊಟ್ಟಿಲಲ್ಲೇ ಕತ್ತಿಯ ದಾರಿ ತೋರಿಸಿತು. ಎರಡೂ ಒಂದೇ ಬಾಯಿಂದ ಬಂದ ಮಾತು. ಬೇಕಾದದ್ದನ್ನು ಆಯ್ದು ಬೇಡವಾದದ್ದನ್ನು ಮರೆಮಾಡುವ ಓದು ಇಲ್ಲಿ ನಿಲ್ಲುವುದಿಲ್ಲ.

ಹಾಗೆ ಮರೆಮಾಡುವ ಪ್ರಯತ್ನ ಬಹಳ ಹಳೆಯದು. ತೆಶ್ಕೋಕೊದ ಅರಸ ನೆಸವಾಲ್ಕೋಯೋತ್ಲ್ 1402ರಿಂದ 1472ರವರೆಗೆ ಬದುಕಿದ್ದವನು. ಕಾಲುವೆ, ಉದ್ಯಾನ, ಕಾನೂನುಗಳಿಗೆ ಹೆಸರಾದವನು. ಹೂವು ಬಾಡುವಂತೆ ನಾವೂ ಬಾಡುತ್ತೇವೆ, ಈ ಭೂಮಿಯಲ್ಲಿ ಗಟ್ಟಿಯಾದದ್ದು ಏನಿದೆ ಎಂದು ಕೇಳುವ ಹಾಡುಗಳು ಅವನ ಹೆಸರಿನಲ್ಲಿವೆ. ಅವನ ವಂಶಸ್ಥ, ವಸಾಹತು ಕಾಲದ ಇತಿಹಾಸಕಾರ ಇಶ್ತ್ಲಿಲ್‌ಶೋಚಿತ್ಲ್ ಅವನನ್ನು ಕಾಣದ ಏಕದೇವರಿಗೆ ರಕ್ತವಿಲ್ಲದ ಗುಡಿ ಕಟ್ಟಿಸಿದ ಜ್ಞಾನಿಯಾಗಿ ಚಿತ್ರಿಸಿದ. ಸ್ಪ್ಯಾನಿಷ್ ದೊರೆತನದ ಕೆಳಗೆ ಬದುಕುತ್ತ ತನ್ನ ಪೂರ್ವಜರ ಮಾನ ಉಳಿಸಲು ಅವನಿಗೆ ಅದು ಬೇಕಿತ್ತು. ಆದರೆ ನೆಸವಾಲ್ಕೋಯೋತ್ಲನ ನಗರದಲ್ಲೂ ತೆನೊಚ್ತಿತ್ಲಾನಿನಂಥದೇ ಜೋಡಿ ಗುಡಿಯಿತ್ತು, ಅಲ್ಲೂ ಬಲಿ ನಡೆಯುತ್ತಿತ್ತು. ವಿದ್ವಾಂಸ ಜಾಂಗ್‌ಸೂ ಲೀ 2008ರ ತಮ್ಮ ಪುಸ್ತಕದಲ್ಲಿ ಈ ಶಾಂತಮೂರ್ತಿ ಎಷ್ಟರಮಟ್ಟಿಗೆ ನಂತರದವರ ಸೃಷ್ಟಿಯೆಂದು ವಿವರವಾಗಿ ತೋರಿಸಿದ್ದಾರೆ. ಹಾಡು ಕಟ್ಟಿದ ಕೈ, ಬಲಿ ಕೊಟ್ಟ ಕೈ ಬೇರೆಬೇರೆಯಾಗಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಬೇರೆಯಾಗಿರಲಿಲ್ಲ.

ಬಲಿಯ ಪ್ರಮಾಣ ಎಷ್ಟಿತ್ತು? 1487ರಲ್ಲಿ ಅವಿತ್ಸೋತ್ಲ್ ಅರಸ ತೆನೊಚ್ತಿತ್ಲಾನಿನ ಮಹಾದೇವಾಲಯವನ್ನು ಹಿಗ್ಗಿಸಿ ಉದ್ಘಾಟಿಸಿದಾಗ 80,400 ಜನರನ್ನು ಕೊಂದರೆಂದು ಹಳೆಯ ಬರಹವೊಂದು ಹೇಳುತ್ತದೆ. ಇಂದಿನ ವಿದ್ವಾಂಸರಲ್ಲಿ ಇದನ್ನು ನಂಬುವವರು ಕಡಿಮೆ. ಉತ್ಪ್ರೇಕ್ಷೆಯನ್ನು ಕಳೆದರೂ ಉಳಿಯುವ ನೆಲದ ಸಾಕ್ಷಿ ಮಾತ್ರ ಗಟ್ಟಿ. 1978ರ ಫೆಬ್ರವರಿಯಲ್ಲಿ ಮೆಕ್ಸಿಕೊ ನಗರದ ವಿದ್ಯುತ್ ಕಾರ್ಮಿಕರು ನೆಲ ಅಗೆಯುವಾಗ ಕೊಯೊಲ್‌ಶೌಕಿ ದೇವಿಯ ದೊಡ್ಡ ಶಿಲೆ ಸಿಕ್ಕಿತು. ಅಲ್ಲಿಂದ ಎದುವಾರ್ದೊ ಮಾತೋಸ್ ಮೊಕ್ತೆಸುಮ ಅವರ ನೇತೃತ್ವದಲ್ಲಿ ಮಹಾದೇವಾಲಯದ ಉತ್ಖನನ ಆರಂಭವಾಯಿತು. ತಲೆಬುರುಡೆಗಳನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ ಕಟ್ಟಿದ ಗೋಪುರ 2015ರಲ್ಲಿ ಅದೇ ಆವರಣದಲ್ಲಿ ಸಿಕ್ಕಿತು. 2020ರ ಹೊತ್ತಿಗೆ ಅಲ್ಲಿ ಎಣಿಸಿದ ಬುರುಡೆಗಳು ಆರುನೂರಕ್ಕೂ ಹೆಚ್ಚು. ಸೆರೆಸಿಕ್ಕ ಯೋಧರದಷ್ಟೇ ಇರಬಹುದೆಂದು ಅಂದುಕೊಂಡಿದ್ದ ಕಡೆ ಹೆಂಗಸರ, ಮಕ್ಕಳ ಬುರುಡೆಗಳೂ ಇದ್ದವು.

ಎಲ್ಲಕ್ಕಿಂತ ಎದೆ ಹಿಂಡುವುದು ಪುರಾತತ್ತ್ವಜ್ಞರು 48ನೆಯ ಅರ್ಪಣೆಯೆಂದು ಗುರುತಿಸಿರುವ ಕಲ್ಲಿನ ಪೆಟ್ಟಿಗೆ. ತ್ಲಾಲೋಕನ ಕಡೆಯ ಗುಡಿಯ ಬಳಿ ಸಿಕ್ಕ ಅದರಲ್ಲಿ ಕನಿಷ್ಠ 42 ಮಕ್ಕಳ ಎಲುಬುಗಳಿದ್ದವು. 1454ರ ಸುಮಾರಿನ ಭೀಕರ ಬರಗಾಲಕ್ಕೆ ಅದು ಸೇರಿದ್ದೆಂದು ತಜ್ಞರ ಊಹೆ. ಮಳೆಯ ದೇವರಿಗೆ ಕೊಡುವ ಮಕ್ಕಳನ್ನು ತಾಯಂದಿರಿಂದ ಹಣ ಕೊಟ್ಟು ತರುತ್ತಿದ್ದರೆಂದೂ, ದಾರಿಯಲ್ಲಿ ಅವು ಹೆಚ್ಚು ಅತ್ತರೆ ಹೆಚ್ಚು ಮಳೆ ಎಂದು ಹಿಗ್ಗುತ್ತಿದ್ದರೆಂದೂ ಸಹಗೂನನ ಎರಡನೆಯ ಭಾಗ ದಾಖಲಿಸುತ್ತದೆ.

ಸಾಲದ ವಿಚಾರ ಎಲ್ಲಿ ಕೆಟ್ಟಿತು ಎಂಬುದು ಇಲ್ಲಿ ಕಾಣುತ್ತದೆ. ಮುಳ್ಳಿನಿಂದ ಕಿವಿ ಚುಚ್ಚಿಕೊಂಡವನು ತನ್ನ ಸಾಲವನ್ನು ತನ್ನ ರಕ್ತದಿಂದ ತೀರಿಸುತ್ತಿದ್ದ. ನನವಾತ್ಸಿನ್ ಹಾರಿದ್ದು ತಾನೇ. ದೇವತೆಗಳ ಕಥೆಯಲ್ಲಿ ಕೊಡುವವನು ಬೇರೆ, ಕೊಡಲ್ಪಡುವವನು ಬೇರೆ ಆಗಿರಲಿಲ್ಲ. ಸಾಮ್ರಾಜ್ಯ ಬೆಳೆದಂತೆ ಇವೆರಡು ಬೇರೆಯಾದವು. ತ್ಲಶ್ಕಾಲದಂಥ ಎದುರಾಳಿ ಊರುಗಳ ಮೇಲೆ ಸೆರೆಯಾಳುಗಳನ್ನು ಹಿಡಿಯುವುದಕ್ಕಾಗಿಯೇ ನಡೆಯುತ್ತಿದ್ದ ‘ಹೂವಿನ ಯುದ್ಧ’ಗಳಲ್ಲಿ, ವ್ಯಾಪಾರಿಗಳು ಸಂತೆಯಲ್ಲಿ ಕೊಂಡು ಮೀಯಿಸಿ ಹಬ್ಬಕ್ಕೆ ಒಪ್ಪಿಸುತ್ತಿದ್ದ ಗುಲಾಮರಲ್ಲಿ, ತಾಯಂದಿರಿಂದ ಕೊಂಡ ಮಕ್ಕಳಲ್ಲಿ, ಸಾಲಗಾರ ಒಬ್ಬ, ತೀರಿಸುವವನು ಇನ್ನೊಬ್ಬ. ಎಲ್ಲರ ಎದೆಯಲ್ಲಿದ್ದ ಕೃತಜ್ಞತೆಯನ್ನು ಅಧಿಕಾರ ತನ್ನ ಕೈಗೆ ತೆಗೆದುಕೊಂಡು ಬಲವಿಲ್ಲದವರಿಂದ ವಸೂಲಿಗಿಳಿದದ್ದೇ ಈ ಧರ್ಮದ ದೊಡ್ಡ ಪಾಪ.

ನಹುವಾ ಜನಕ್ಕೆ ಈ ಬಿರುಕು ಕಂಡಿರಲಿಲ್ಲವೇ? ಕಂಡಿತ್ತೆಂದೇ ತೋರುತ್ತದೆ. ಸೆರೆಹಿಡಿದ ಯೋಧ ತನ್ನ ಸೆರೆಯಾಳನ್ನು ಪ್ರೀತಿಯ ಮಗನೆಂದು ಕರೆಯಬೇಕಿತ್ತು, ಸೆರೆಯಾಳು ಅವನನ್ನು ಪ್ರೀತಿಯ ತಂದೆಯೆಂದು ಕರೆಯಬೇಕಿತ್ತು. ಶೀಪೆ ತೋತೆಕ್ ದೇವರ ಹಬ್ಬದಲ್ಲಿ ಬಲಿಯಾದವನ ಮಾಂಸವನ್ನು ಮೆಕ್ಕೆಜೋಳದ ಜೊತೆ ಬೇಯಿಸಿ ಬಂಧುಗಳು ತಿನ್ನುವಾಗ, ಹಿಡಿದವನು ಮಾತ್ರ ಮುಟ್ಟುತ್ತಿರಲಿಲ್ಲ. ನನ್ನನ್ನೇ ನಾನು ಹೇಗೆ ತಿನ್ನಲಿ ಎಂಬುದು ಅವನ ಪ್ರಶ್ನೆ. ಸತ್ತವನು ತಾನೇ, ಇಂದಲ್ಲ ನಾಳೆ ಇದೇ ಕಲ್ಲಿನ ಮೇಲೆ ತಾನೂ ಮಲಗಬಹುದು ಎಂಬ ಭಾವ ಅದರಲ್ಲಿದೆ. ಪಾಶ್ಚಾತ್ಯ ವಿದ್ವಾಂಸರಲ್ಲಿ ಇಂಗಾ ಕ್ಲೆಂಡಿನೆನ್ ಈ ಬಗೆಯ ವಿವರಗಳ ಒಳಗಿನ ನೋವನ್ನು ಬಹಳ ಸೂಕ್ಷ್ಮವಾಗಿ ಓದಿದವರು. ಈ ಆಚರಣೆ ಕೊಲ್ಲುವವನ ಮನಸ್ಸಿನ ಮೇಲೆ ಭಾರ ಹೇರುತ್ತಿತ್ತು ಎಂಬುದನ್ನು ಒಪ್ಪೋಣ. ಆದರೆ ಆ ಭಾರ ಸತ್ತವನ ಜೀವವನ್ನು ಮರಳಿ ಕೊಡಲಿಲ್ಲ. ಮಾರಲ್ಪಟ್ಟ ಮಗುವಿನ ವಿಷಯದಲ್ಲಿ ಅಷ್ಟು ಸಮಾಧಾನವೂ ಇಲ್ಲ.

ಇತರ ಮೂಲನಿವಾಸಿ ಜನಾಂಗಗಳನ್ನೆಲ್ಲ ಮೆಶಿಕರ ಜೊತೆ ಒಂದೇ ಗಂಟಿನಲ್ಲಿ ಕಟ್ಟುವುದು ತಪ್ಪು. ಆಂಡಿಸ್ ಪರ್ವತಗಳ ಇಂಕಾ ರಾಜ್ಯದಲ್ಲಿ ನರಬಲಿ ಇತ್ತು. 1999ರಲ್ಲಿ ಯುಯಾಯಾಕೊ ಜ್ವಾಲಾಮುಖಿಯ 6,739 ಮೀಟರ್ ಎತ್ತರದ ಶಿಖರದ ಬಳಿ ಹಿಮದಲ್ಲಿ ಸಿಕ್ಕ ಮೂರು ಮಕ್ಕಳ ಕೂದಲನ್ನು ಪರೀಕ್ಷಿಸಿದಾಗ, ಸಾವಿಗೆ ಒಂದು ವರ್ಷ ಮೊದಲಿನಿಂದಲೇ ಹಿರಿಯ ಹುಡುಗಿಗೆ ಒಳ್ಳೆಯ ಊಟ, ಕೋಕಾ ಎಲೆ, ಮದ್ಯ ಕೊಡುತ್ತಿದ್ದುದು ಗೊತ್ತಾಯಿತು. ಅತ್ತ ಕೆರಿಬಿಯನ್ ದ್ವೀಪಗಳ ಟೈನೊ ಜನರ ಧರ್ಮ ಬೇರೆಯೇ. 1490ರ ದಶಕದಲ್ಲಿ ಅವರ ನಡುವೆ ಇದ್ದು ಬರೆದ ರಮೋನ್ ಪಾನೆ ಎಂಬ ಸನ್ಯಾಸಿಯ ವರದಿಯಲ್ಲಿ ಮರದ, ಕಲ್ಲಿನ ವಿಗ್ರಹಗಳಿವೆ, ವೈದ್ಯ ಪೂಜಾರಿಗಳಿದ್ದಾರೆ, ಸತ್ತವರು ರಾತ್ರಿ ಸೀಬೆಹಣ್ಣು ತಿನ್ನಲು ಬರುವ ಕಥೆಯಿದೆ. ನರಬಲಿಯ ಮಾತಿಲ್ಲ. ಆದರೂ ಸ್ಪ್ಯಾನಿಷರ ಕೈಯಲ್ಲಿ ಮೊದಲು ನಾಶವಾದವರು ಅವರೇ. ನರಬಲಿಯನ್ನು ನಿಲ್ಲಿಸುವುದಕ್ಕಾಗಿ ದಂಡಯಾತ್ರೆ ಮಾಡಿದೆವೆಂಬ ಮಾತನ್ನು ತಳ್ಳಿಹಾಕಲು ಟೈನೊ ಜನರ ಗತಿಯೊಂದೇ ಸಾಕು.

ತೆನೊಚ್ತಿತ್ಲಾನಿನಲ್ಲೂ ಅಷ್ಟೇ. 1520ರ ಮೇ ತಿಂಗಳಲ್ಲಿ ತೋಶ್ಕಾತ್ಲ್ ಹಬ್ಬಕ್ಕೆ ಅನುಮತಿ ಪಡೆದು ಗುಡಿಯ ಅಂಗಳದಲ್ಲಿ ನಿರಾಯುಧರಾಗಿ ಕುಣಿಯುತ್ತಿದ್ದವರ ಮೇಲೆ ಸ್ಪ್ಯಾನಿಷ್ ದಳಪತಿ ಪೆದ್ರೊ ದೆ ಅಲ್ವರಾದೊನ ಸೈನಿಕರು ಬಾಗಿಲು ಕಟ್ಟಿ ಕತ್ತಿ ಬೀಸಿದರು. ಕುಣಿಯುವವರ ಜೊತೆ ಡೋಲು ಬಡಿಯುತ್ತಿದ್ದವನ ಕೈಗಳೂ ತುಂಡಾದವು.

ಮೆಕ್ಸಿಕೊದ ಅನುಭವ ಸ್ಪೇನಿನಲ್ಲೇ ದೊಡ್ಡ ಧರ್ಮಜಿಜ್ಞಾಸೆಯನ್ನು ಹುಟ್ಟಿಸಿತು. 1550-51ರಲ್ಲಿ ವಯ್ಯಾದೋಲಿದ್ ನಗರದಲ್ಲಿ ದೊರೆ ಕರೆಸಿದ ವಿದ್ವಾಂಸರ ಮುಂದೆ ಹುವಾನ್ ಗಿನೆಸ್ ದೆ ಸೆಪುಲ್ವೇದ ಮತ್ತು ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಒಬ್ಬರಾದ ಮೇಲೊಬ್ಬರು ಪರಸ್ಪರ ವಿರುದ್ಧವಾಗಿ ವಾದಿಸಿದರು. ಅಮೆರಿಕಕ್ಕೆ ಕಾಲೇ ಇಡದಿದ್ದ ಸೆಪುಲ್ವೇದ, ವರ್ಷಕ್ಕೆ ಇಪ್ಪತ್ತು ಸಾವಿರ ಜನರನ್ನು ಬಲಿ ಕೊಡುವವರ ಮೇಲೆ ಯುದ್ಧ ನ್ಯಾಯವೇ ಎಂದ. ಒಂದು ಕಾಲದಲ್ಲಿ ತಾನೇ ಕ್ಯೂಬಾದಲ್ಲಿ ಮೂಲನಿವಾಸಿಗಳನ್ನು ಜೀತಕ್ಕಿಟ್ಟುಕೊಂಡಿದ್ದು 1514ರಲ್ಲಿ ಅದನ್ನು ಬಿಟ್ಟುಕೊಟ್ಟಿದ್ದ ಲಾಸ್ ಕಾಸಾಸ್ ಆ ಲೆಕ್ಕವನ್ನು ಸುಳ್ಳೆಂದ. ವರ್ಷಕ್ಕೆ ನೂರೂ ಇಲ್ಲ, ಐವತ್ತೂ ಇಲ್ಲ ಎಂದು ವಾದಿಸಿದ. ಅವನ ಲೆಕ್ಕವನ್ನೂ ನೆಲದಡಿಯ ಬುರುಡೆಗಳು ಇಂದು ಸುಲಭವಾಗಿ ನಂಬಗೊಡುವುದಿಲ್ಲ. ದುರಾಸೆ ಎಂಬ ತಮ್ಮ ದೇವಿಗೆ ಸ್ಪ್ಯಾನಿಷರು ವರ್ಷವರ್ಷ ಕೊಡುವ ಬಲಿ ಅದಕ್ಕಿಂತ ಹೆಚ್ಚು ಎಂಬ ಅವನ ಮಾತು ಮಾತ್ರ ಅಕ್ಷರಶಃ ನಿಜವಾಗಿತ್ತು.

ಲಾಸ್ ಕಾಸಾಸ್ ಅಂದು ಮಂಡಿಸಿದ ಇನ್ನೊಂದು ವಾದ ಇನ್ನೂ ಆಳವಾದದ್ದು. ದೇವರಿಗೆ ತನ್ನಲ್ಲಿರುವ ಶ್ರೇಷ್ಠವಾದದ್ದನ್ನು ಕೊಡಬೇಕೆಂದು ಮನುಷ್ಯನ ಸಹಜ ಬುದ್ಧಿಯೇ ಹೇಳುತ್ತದೆ. ಜೀವಕ್ಕಿಂತ ಶ್ರೇಷ್ಠವಾದದ್ದು ಇಲ್ಲ. ಆದ್ದರಿಂದ ತಾವು ನಂಬಿದ ದೇವರಿಗೆ ಜೀವವನ್ನು ಕೊಟ್ಟವರು ತಪ್ಪಿದ್ದಾರೆ, ಆದರೆ ಅವರು ಬುದ್ಧಿಯಿಲ್ಲದವರೂ ಅಲ್ಲ, ಭಕ್ತಿಯಿಲ್ಲದವರೂ ಅಲ್ಲ. ಬಲಿಯನ್ನು ಸಮರ್ಥಿಸದೆ ಬಲಿ ಕೊಟ್ಟವರ ಮನುಷ್ಯತ್ವವನ್ನು ಉಳಿಸಿದ ವಾದ ಇದು. ಐದು ಶತಮಾನ ಕಳೆಯುತ್ತ ಬಂದರೂ ಇದಕ್ಕಿಂತ ಪ್ರಾಮಾಣಿಕವಾದ ನಿಲುವು ಸಿಗುವುದು ಕಷ್ಟ. ಅಂದಿನ ತೀರ್ಪುಗಾರರು ಮಾತ್ರ ಯಾವ ಒಮ್ಮತದ ತೀರ್ಪನ್ನೂ ಕೊಡಲಿಲ್ಲ.

ಈ ವಾದ ನಡೆಯುವುದಕ್ಕೆ ಮುಂಚೆ ನಹುವಾ ಜನ ತಮ್ಮ ಪರವಾಗಿ ತಾವೇ ಮಾತಾಡಿದ್ದರು. 1524ರಲ್ಲಿ ಮೆಕ್ಸಿಕೊಕ್ಕೆ ಬಂದ ಹನ್ನೆರಡು ಫ್ರಾನ್ಸಿಸ್ಕನ್ನರಿಗೂ ಸೋತ ನಗರದ ಮುಖಂಡರು ಮತ್ತು ಪೂಜಾರಿಗಳಿಗೂ ನಡೆದ ಸಂವಾದವನ್ನು ಸಹಗೂನ್ 1564ರಲ್ಲಿ ಅದೇ ನಹುವಾ ಶಿಷ್ಯರ ನೆರವಿನಿಂದ ಗ್ರಂಥರೂಪಕ್ಕೆ ತಂದ. ನಲವತ್ತು ವರ್ಷದ ನಂತರ ಬರೆದದ್ದಾದ್ದರಿಂದ ಪದಪದವೂ ಅಂದಿನದೇ ಎನ್ನಲಾಗದು. ಆದರೂ ಪೂಜಾರಿಗಳ ಉತ್ತರದಲ್ಲಿ ಗಟ್ಟಿತನವಿದೆ. ನಮ್ಮ ದೇವರು ದೇವರೇ ಅಲ್ಲ ಎನ್ನುತ್ತೀರಿ, ನಮ್ಮ ಹಿರಿಯರು ಹಾಗೆ ಹೇಳಿರಲಿಲ್ಲ. ಮಳೆ, ಬೆಳೆ, ಬದುಕು ಇವರಿಂದಲೇ ಬಂತು ಎಂದಿದ್ದರು. ರಾಜ್ಯ ಹೋದದ್ದು ಸಾಲದೇ, ಹಳೆಯ ಬಾಳಿನ ಕ್ರಮವನ್ನೂ ನಾವೇ ಕೆಡವಬೇಕೇ ಎಂದು ಅವರು ವಿನಯದಿಂದ, ಅಂಜದೆ ಕೇಳಿದರು.

1539ರಲ್ಲಿ ನೆಸವಾಲ್ಕೋಯೋತ್ಲನ ಮೊಮ್ಮಗನೆನ್ನಲಾದ ಡಾನ್ ಕಾರ್ಲೋಸ್ ಓಮೆತೋಚ್ತ್ಸಿನ್ ಇದೇ ಪ್ರಶ್ನೆಯನ್ನು ಇನ್ನೊಂದು ರೀತಿ ಕೇಳಿದ. ಅವನ ವಿಚಾರಣೆಯ ದಾಖಲೆಯಲ್ಲಿ ಸಾಕ್ಷಿಯೊಬ್ಬ ಹೇಳಿದಂತೆ ಅವನ ತರ್ಕ ಹೀಗಿತ್ತು: ಫ್ರಾನ್ಸಿಸ್ಕನ್ನರ ಉಡುಪು, ಪ್ರಾರ್ಥನೆ ಒಂದು ಬಗೆ, ಡೊಮಿನಿಕನ್ನರದು ಇನ್ನೊಂದು, ಅಗಸ್ಟೀನಿಯನ್ನರದು ಮತ್ತೊಂದು, ಅವರವರ ಕ್ರಮ ಅವರವರಿಗೆ ಸರಿಯಾದರೆ ನಮ್ಮ ಅಜ್ಜಂದಿರ ಕ್ರಮ ನಮಗೇಕೆ ಸರಿಯಲ್ಲ? ಈ ಮಾತಿಗಾಗಿ ಬಿಷಪ್ ಸುಮಾರಗ ಅವನನ್ನು ನವೆಂಬರ್ 30ರಂದು ಮೆಕ್ಸಿಕೊ ನಗರದಲ್ಲಿ ಸುಡಿಸಿದ. ಮೂಲನಿವಾಸಿ ರಾಜವಂಶದವನೊಬ್ಬನನ್ನು ಹೀಗೆ ಸುಟ್ಟದ್ದು ಸ್ಪೇನಿಗೂ ಹಿಡಿಸಲಿಲ್ಲ, ಸುಮಾರಗ ಛೀಮಾರಿ ಹಾಕಿಸಿಕೊಂಡ. 1571ರಲ್ಲಿ ಇನ್‌ಕ್ವಿಸಿಷನ್ ನ್ಯಾಯಮಂಡಳಿ ವಿಧಿವತ್ತಾಗಿ ಬಂದಾಗ ಮೂಲನಿವಾಸಿಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟರು. ಕಾರ್ಲೋಸನ ಪ್ರಶ್ನೆಗೆ ಉತ್ತರ ಯಾರೂ ಕೊಡಲಿಲ್ಲ.

ಕಲ್ಲಿನ ಗುಡಿಗಳು ಬಿದ್ದವು, ಸಾಲದ ಭಾವ ಬೀಳಲಿಲ್ಲ. ಎಲ್ಲರ ಸಾಲವನ್ನು ತನ್ನ ರಕ್ತದಿಂದ ತೀರಿಸಿದ ದೇವರನ್ನೇ ಸನ್ಯಾಸಿಗಳು ತಂದಿದ್ದರು. ಅದು ಈ ಜನಕ್ಕೆ ಅರ್ಥವಾಗದ ಮಾತಾಗಿರಲಿಲ್ಲ. ಮಿಚೋವಕಾನ್ ಸೀಮೆಯ ಕುಶಲಕರ್ಮಿಗಳು ಹಿಂದೆ ತಮ್ಮ ದೇವತೆಗಳನ್ನು ಮಾಡುತ್ತಿದ್ದ ಮೆಕ್ಕೆಜೋಳದ ದಂಟಿನ ತಿರುಳಿನಿಂದಲೇ ಶಿಲುಬೆಯ ಮೇಲಿನ ಕ್ರಿಸ್ತನನ್ನು ಮಾಡಿದರು. ಅಂಥ ಹಗುರವಾದ ಮೂರ್ತಿಗಳು ಮೆಕ್ಸಿಕೊದ ಇಗರ್ಜಿಗಳಲ್ಲಿ ಇಂದೂ ಪೂಜೆಗೊಳ್ಳುತ್ತಿವೆ. ವೆರಾಕ್ರೂಸ್ ರಾಜ್ಯದ ಚಿಕೊಂತೆಪೆಕ್ ಕಡೆಯ ನಹುವಾ ರೈತರು ಚಿಕೊಮೆಶೋಚಿತ್ಲ್ ಎಂಬ ಮೆಕ್ಕೆಜೋಳದ ಮಗುವಿಗೆ ಪೂಜೆ ಸಲ್ಲಿಸುತ್ತಾರೆ. ಕಾಗದದಲ್ಲಿ ದೇವತೆಗಳ ಆಕೃತಿ ಕತ್ತರಿಸಿ, ಹೂವು, ಊಟ, ಕೋಳಿಗಳೊಂದಿಗೆ ಪೋಸ್ತೆಕ್ತ್ಲಿ ಬೆಟ್ಟಕ್ಕೆ ಹತ್ತಿ ಮಳೆ ಬೇಡುತ್ತಾರೆ. ಭೂಮಿ ನಮಗೆ ಉಣ್ಣಿಸುತ್ತದೆ, ಅದಕ್ಕೆ ನಾವೂ ಉಣ್ಣಿಸಬೇಕು ಎಂಬ ಮಾತು ಅಲ್ಲಿ ಬದುಕಿದೆ, ಮನುಷ್ಯರಕ್ತವಿಲ್ಲದೆ. ಕಲ್ಪನೆಯ ಬೇರಿನಲ್ಲೇ ಕ್ರೌರ್ಯವಿದ್ದಿದ್ದರೆ ಕ್ರೌರ್ಯವನ್ನು ತೆಗೆದ ಮೇಲೆ ಬೇರೂ ಒಣಗಬೇಕಿತ್ತು. ಒಣಗಿಲ್ಲ. 2020ರ ಜನಗಣತಿಯ ಪ್ರಕಾರ ಮೆಕ್ಸಿಕೊದಲ್ಲಿ ನಹುವಾಟ್ಲ್ ಆಡುವವರು ಹದಿನಾರು ಲಕ್ಷಕ್ಕೂ ಹೆಚ್ಚು.

ಫ್ಲಾರೆಂಟೈನ್ ಕೋಡೆಕ್ಸ್ ಈಗ ಯಾರ ವಶದಲ್ಲೂ ಬಂದಿಯಾಗಿಲ್ಲ. ಗೆಟ್ಟಿ ಸಂಸ್ಥೆ 2023ರಲ್ಲಿ ಅದರ ಎಲ್ಲ ಪುಟಗಳನ್ನೂ ಚಿತ್ರಗಳನ್ನೂ ಅಂತರಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ, ಇಂಗ್ಲಿಷ್ ಅನುವಾದವೂ ಜೊತೆಗಿದೆ. ಹೆಚ್ಚಿನವರು ಮೊದಲು ತೆರೆಯುವುದು ಯುದ್ಧದ ಕಥೆಯಿರುವ ಹನ್ನೆರಡನೆಯ ಭಾಗವನ್ನು. ಈ ಜನರನ್ನು ನಿಜಕ್ಕೂ ತಿಳಿಯಬೇಕೆನ್ನುವ ಓದುಗರು ಮಗಳಿಗೆ ಬುದ್ಧಿ ಹೇಳುವ ಆರನೆಯ ಭಾಗದಿಂದ ಆರಂಭಿಸಲಿ, ಆಮೇಲೆ ಮಕ್ಕಳ ಬಲಿಯ ವಿವರವಿರುವ ಎರಡನೆಯ ಭಾಗವನ್ನೂ ಬಿಡದೆ ಓದಲಿ.